ನೀರು ಕೊಟ್ಟವನು

ಅಧಿಕಾರದ ಆಸೆಯಿಂದ ಮಾಡಿದ ಒಳ್ಳೆಯ ಕೆಲಸಕ್ಕೆ ಬೆಲೆ ಕಡಿಮೆಯೇ? ಜೋಸೆಫ್ ಚೇಂಬರ್ಲೇನನ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1854ರಲ್ಲಿ, 18ರ ಹುಡುಗ, ಬರ್ಮಿಂಗ್‌ಹ್ಯಾಮಿಗೆ ಬಂದು ಸೋದರತ್ತೆಯ ಗಂಡನ ಸ್ಕ್ರೂ ಕಾರ್ಖಾನೆ ಸೇರಿದ. 20 ವರ್ಷದಲ್ಲಿ ಸ್ಕ್ರೂ ಮಾರಿಯೇ ಶ್ರೀಮಂತನಾದ. ಸಣ್ಣ ತಯಾರಕರನ್ನು ಮುಳುಗಿಸಿದನೆಂಬ ಆರೋಪವೂ ಹಿಂದೆಯೇ ಬಂತು. 1873ರಲ್ಲಿ ಮೇಯರ್ ಆದವನು ಊರಿನ ಗ್ಯಾಸ್ ಕಂಪನಿಗಳನ್ನೂ ನೀರಿನ ಕಂಪನಿಯನ್ನೂ ನಗರಸಭೆಯಿಂದ ಕೊಳ್ಳಿಸಿದ. ಗ್ಯಾಸಿನಲ್ಲಿ ಲಾಭ ಬರಲಿ, ನೀರಿನಲ್ಲಿ ಬೇಡ ಎಂದ. ಕೊಳಕು ಬಾವಿಯ ನೀರನ್ನೇ ಮಕ್ಕಳಿಗೆ ಕುಡಿಸುತ್ತಿದ್ದ ತಾಯಂದಿರಿಗೆ, ಅವನ ಕಣ್ಣು ಲಂಡನ್ನಿನ ಕುರ್ಚಿಯ ಮೇಲಿದ್ದರೆ ಆಗಬೇಕಾದದ್ದೇನು?

1875ರಲ್ಲಿ ಅವನ ಎರಡನೆಯ ಹೆಂಡತಿಯೂ ಮೊದಲನೆಯವಳಂತೆ ಹೆರಿಗೆಯಲ್ಲೇ ತೀರಿಕೊಂಡಳು. ಆರು ಮಕ್ಕಳು ತಂಗಿಯರ ಪಾಲಿಗೆ. ಮರುವರ್ಷ ಅವನು ಪಾರ್ಲಿಮೆಂಟಿನಲ್ಲಿ. (ಹೆಂಗಸೊಬ್ಬಳು ಹೀಗೆ ಹೊರಟಿದ್ದರೆ ಜನ ಏನೆನ್ನುತ್ತಿದ್ದರೋ!)

ಇಷ್ಟಾದರೂ ನಾನು ಅವನ ಪಕ್ಷವೇ ವಹಿಸುತ್ತಿದ್ದೆ. ಆದರೆ ನೀರು ಕೊಟ್ಟವನು ಹೆಂಗಸರಿಗೆ ಮತ ಕೊಡಲು ಒಪ್ಪಲಿಲ್ಲ. 1895ರಲ್ಲಿ ವಸಾಹತುಗಳ ಮಂತ್ರಿಯಾದ. 1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಶುರುವಾದ ಬೋಯರ್ ಯುದ್ಧಕ್ಕೆ 'ಜೋ ಯುದ್ಧ' ಎಂಬ ಹೆಸರೇ ಬಿತ್ತು. ಅಲ್ಲಿನ ಶಿಬಿರಗಳಲ್ಲಿ ಕೂಡಿಹಾಕಿದ ಬೋಯರ್ ಹೆಂಗಸರು, ಮಕ್ಕಳು 26,000ಕ್ಕೂ ಹೆಚ್ಚು ಜನ ಸತ್ತರು. ಕರಿಯರ ಶಿಬಿರಗಳ ಸಾವಿರಾರು ಸಾವು ಬೇರೆ. ಶಿಬಿರ ತೆರೆದದ್ದು ಸೇನೆ, ನಿಜ, ಮಂತ್ರಿಯಂತೂ ಇವನೇ. 1901ರಲ್ಲಿ ಎಮಿಲಿ ಹಾಬ್‌ಹೌಸ್ ಎಂಬಾಕೆ ಹೋಗಿ, ನೋಡಿ, ವರದಿ ಬರೆದಳು. ಅಲ್ಲಿ ಸೋಪಿರಲಿಲ್ಲ, ಸಾಕಷ್ಟು ನೀರೂ ಇರಲಿಲ್ಲ.