ಬರಿದಾಗುತ್ತಿರುವ ಆಟದಂಗಳ ಮತ್ತು ವಾತ್ಸಲ್ಯ

ಶ್ರಾವಕರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಸಂಜೆ ದೀರ್ಘವಾಗಿರುತ್ತದೆ. ಯಾದಗಿರಿಯಲ್ಲಾಗಲಿ, ಶಹಾಪುರದಲ್ಲಾಗಲಿ, ಸುರಪುರದಲ್ಲಾಗಲಿ ಹಿರಿಯರು ಸಾಮಾಯಿಕಕ್ಕೆ ಕುಳಿತಿರುವಾಗ, ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ರಜೆಗೆ ಬಂದ ಮಗನು ಮೂಲೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಎಲ್ಲೆಲ್ಲೋ ಇರುವ ಸಂಗಾತಿಗಳೊಡನೆ ಹತ್ತು ಹದಿನೈದು ವರ್ಷಗಳ ಹಿಂದಿನ ಒಂದು ಆಟವನ್ನು ಆಡುತ್ತಿರುವುದುಂಟು. ಕಾಲೇಜಿನ ದಿನಗಳಲ್ಲಿ ಹಿಡಿದ ಆಟ; ಈಗ ಅದನ್ನು ಲೋಕ ಮರೆತಿದೆ. “ಇನ್ನೂ ಅದನ್ನ ಹಿಡ್ಕೊಂಡು ಕುಂತೀಯೇನಪಾ?” ಎಂದು ತಾಯಿ ಕೇಳಿದರೆ, “ಅವ್ವ, ಹನ್ನೆರಡು ಮಂದಿ ಅಷ್ಟ ಉಳದೀವಿ. ನಾನೂ ಬಿಟ್ಟರ ಹೆಂಗ?” ಎಂದು ಅವನು ಉತ್ತರಿಸಿಯಾನು.

ತಾಯಿಗೆ ಇದು ಹುಡುಗಾಟದ ಉತ್ತರವೆಂದು ತೋರುವುದು ಸಹಜ. ಆದರೆ ಆ ಮಾತಿನಲ್ಲಿ ಒಂದು ಧರ್ಮಪ್ರಶ್ನೆ ಅಡಗಿದೆ. ಲಾಭವಿಲ್ಲದ, ಕೀರ್ತಿಯಿಲ್ಲದ, ದಿನೇದಿನೇ ಕ್ಷೀಣಿಸುತ್ತಿರುವ ಒಂದು ಕೂಟವನ್ನು ಉಳಿದ ಕೆಲವರು ಹಿಡಿದು ನಿಲ್ಲಿಸುವುದು ಮೋಹವೋ, ವಾತ್ಸಲ್ಯವೋ?

ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಮೊದಲು, ಆಟವೆಂಬುದರ ಮೇಲೆಯೇ ಶ್ರಾವಕಾಚಾರವು ಹೊರಿಸುವ ಆಕ್ಷೇಪಗಳನ್ನು ಪರಿಶೀಲಿಸಬೇಕು. ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಹಣವನ್ನು ಪಣಕ್ಕಿಟ್ಟು ಮೊಬೈಲಿನಲ್ಲಿ ಆಡುವ ಆಟಗಳು ಇದರೊಳಗೆ ಬರುತ್ತವೆ. ಅವನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸುವ ಎಷ್ಟೋ ಶತಮಾನಗಳ ಮೊದಲೇ ಆಚಾರ್ಯರು ನಿಷೇಧಿಸಿದ್ದರು. ಅವುಗಳ ವಿಷಯ ಇಲ್ಲಿ ಬೇಡ. ಇಲ್ಲಿ ಹೇಳುತ್ತಿರುವುದು ಪಣವಿಲ್ಲದೆ, ನೂರಾರು ಜನ ಒಂದೇ ಕಲ್ಪಿತ ಊರಿನಲ್ಲಿ ಸೇರಿ ಆಡುವ ಆಟಗಳನ್ನು ಕುರಿತು.

ಹಿಂಸೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಪಬ್‌ಜಿ ಎಂಬ ಆಟದಲ್ಲಿ ನೂರು ಜನ ಒಂದು ದ್ವೀಪಕ್ಕಿಳಿದು, ಕೊನೆಗೆ ಉಳಿದವನು ಗೆಲ್ಲುತ್ತಾನೆ. ಸತ್ತವರು ಯಾರೂ ನಿಜವಾಗಿ ಸಾಯುವುದಿಲ್ಲವೆಂದು ಮಕ್ಕಳು ಸಮಾಧಾನ ಹೇಳುತ್ತಾರೆ. ಕನ್ನಡ ಜೈನ ಓದುಗನಿಗೆ ಆಗ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ನೆನಪಾಗದಿರದು. ಯಶೋಧರನು ಜೀವವನ್ನು ಕೊಲ್ಲಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅಷ್ಟಕ್ಕೇ ತಾಯಿಮಕ್ಕಳು ನಾಯಿಯಾಗಿ, ನವಿಲಾಗಿ, ಮತ್ತೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಸಂಕಲ್ಪಹಿಂಸೆಯನ್ನು ಇಷ್ಟು ನಿಷ್ಠುರವಾಗಿ ತೂಗಿದ ಕಾವ್ಯವನ್ನು ಮನೆಯಲ್ಲಿಟ್ಟುಕೊಂಡವರು “ಅದು ಬರಿಯ ಚಿತ್ರ” ಎಂದು ಸುಮ್ಮನಾಗಲಾರರು.

ಆದರೂ ಎರಡಕ್ಕೂ ಅಂತರವಿದೆ. ಹಿಟ್ಟಿನ ಕೋಳಿ ಜೀವವಿರುವ ಕೋಳಿಗೆ ಬದಲಾಗಿ ಬಂದುದು. ಕೊಲ್ಲುವ ಭಾವವನ್ನು ಹಾಗೆಯೇ ಇರಿಸಿಕೊಂಡು ವಸ್ತುವನ್ನು ಮಾತ್ರ ಬದಲಿಸಲಾಗಿತ್ತು. ಆಟದಲ್ಲಿ ಸೋತವನು ಮರುಕ್ಷಣ ಎದ್ದು, ಸೋಲಿಸಿದವನೊಡನೆ ನಗುತ್ತಾನೆ. ಇಬ್ಬರೂ ಒಪ್ಪಿಯೇ ಕಣಕ್ಕಿಳಿದವರು. ಹಾಗೆಂದು ಎಲ್ಲ ಆಟಗಳಿಗೂ ಇದೇ ವಿನಾಯಿತಿ ಸಲ್ಲದು. ಕೋಪವು ಆಟದೊಡನೆ ಮುಗಿಯದೆ ಊಟದ ತಟ್ಟೆಯವರೆಗೂ ಬಂದರೆ, ಅಲ್ಲಿ ಭಾವಹಿಂಸೆ ನಡೆದಿದೆ. ತಂದೆತಾಯಿಗಳು ಪರದೆಯ ಮೇಲಿನ ಚಿತ್ರಕ್ಕಿಂತ, ಆಟ ಮುಗಿಸಿ ಎದ್ದ ಮಗನ ಮುಖವನ್ನು ನೋಡುವುದು ಹೆಚ್ಚು ಉಪಯುಕ್ತ. ನಿದ್ದೆಗೆಟ್ಟು, ಓದುಬರಹ ಬಿಟ್ಟು ಆಡುವುದು ಅನರ್ಥದಂಡದಲ್ಲಿ ಹೇಳಿದ ಪ್ರಮಾದಚರ್ಯೆಯೇ ಸರಿ. ಅದರಲ್ಲಿ ವಾದಕ್ಕೆ ಎಡೆಯಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ಯುವಕನು ಹುಟ್ಟಿನಿಂದ ಡುಶೆನ್ ಎಂಬ ಸ್ನಾಯುಕ್ಷಯ ರೋಗಕ್ಕೆ ತುತ್ತಾಗಿದ್ದನು. ಗಾಲಿಕುರ್ಚಿ ಬಿಟ್ಟು ಏಳಲಾರದ ಅವನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದಲ್ಲಿ ಸಾವಿರಾರು ಗಂಟೆಗಳನ್ನು ಕಳೆದನು. ಮಗನು ಒಂಟಿಯಾಗಿ ಬಾಳಿದನೆಂದು ತಂದೆತಾಯಿಗಳು ಮರುಗುತ್ತಿದ್ದರು. 2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ, ತಂದೆಯು ಮಗನ ಬರಹದ ಪುಟದಲ್ಲಿ ಮರಣವಾರ್ತೆಯನ್ನು ಹಾಕಿದನು. ಆಗ ದೇಶದೇಶಗಳಿಂದ ಪತ್ರಗಳು ಬರತೊಡಗಿದವು. ಸಂಗಾತಿಗಳ ಕಷ್ಟಗಳನ್ನು ಅವನು ಕೇಳಿದ್ದನು. ಒಬ್ಬ ತಾಯಿಗೆ ತನ್ನ ಮಗನೊಡನೆ ಮಾತನಾಡುವ ದಾರಿ ತೋರಿದ್ದನು. ಆಟದ ಸಂಗಾತಿಗಳು ಅಂತ್ಯಸಂಸ್ಕಾರಕ್ಕೆ ಬೇರೆ ದೇಶಗಳಿಂದ ಬಂದರು. ಅವನ ಮುಖವನ್ನು ಅವರು ಜೀವಂತವಾಗಿ ಕಂಡವರಲ್ಲ. 2024ರಲ್ಲಿ ಅವನ ಬಾಳನ್ನು ಕುರಿತ ಸಾಕ್ಷ್ಯಚಿತ್ರವೂ ಬಂದಿತು. ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿರುವುದೇ ಜೀವದ ಲಕ್ಷಣವೆಂದು ಉಮಾಸ್ವಾಮಿಗಳು ಹೇಳಿದ ಮಾತು ದೇಹದ ಸಾಮೀಪ್ಯವನ್ನು ಷರತ್ತಾಗಿ ಇಟ್ಟುಕೊಂಡಿಲ್ಲ. ಇಂಥ ಕೂಟವೊಂದು ಮುಚ್ಚಿಹೋದರೆ ನಷ್ಟವಾಗುವುದು ಬಣ್ಣದ ಚಿತ್ರಗಳಷ್ಟೇ ಎಂದು ಹೇಳುವುದು ಕಷ್ಟ.

ಕೂಟಗಳಾದರೋ ಮುಚ್ಚಿಹೋಗುತ್ತಲೇ ಇರುತ್ತವೆ. ಪಬ್‌ಜಿಯನ್ನು ಕೇಂದ್ರ ಸರಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅಕ್ಟೋಬರ್ ಕೊನೆಗೆ ಆಟವೇ ನಿಂತಿತು. ಲಾಕ್‌ಡೌನಿನ ತಿಂಗಳುಗಳಲ್ಲಿ ಮನೆಯೊಳಗೆ ಕುಳಿತು ನಾಲ್ಕು ನಾಲ್ಕು ಜನರ ತಂಡ ಕಟ್ಟಿಕೊಂಡಿದ್ದ ಹುಡುಗರು ಚದುರಿದರು. 2021ರಲ್ಲಿ ಬೇರೆ ಹೆಸರಿನಿಂದ ಬಂದಿತು, 2022ರಲ್ಲಿ ಮತ್ತೆ ಮರೆಯಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಮರಳಿತು. ನಡುವೆ ಹೋದವರು ಎಲ್ಲರೂ ಹಿಂದಿರುಗಲಿಲ್ಲ.

ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಕಥೆ ‘ಸಿಟಿ ಆಫ್ ಹೀರೋಸ್’ ಎಂಬ ಆಟದ್ದು. 2004ರಲ್ಲಿ ಆರಂಭವಾದ ಈ ಆಟವನ್ನು ನಡೆಸುತ್ತಿದ್ದ ಎನ್‌ಸಿಸಾಫ್ಟ್ ಎಂಬ ಕೊರಿಯಾದ ಕಂಪನಿಯು 2012ರ ಆಗಸ್ಟ್ 31ರಂದು ಅದನ್ನು ನಿಲ್ಲಿಸುವುದಾಗಿ ಸಾರಿತು. ಆಟಗಾರರು ಆ ಕಲ್ಪಿತ ನಗರದ ಸಭಾಭವನದ ಎದುರು ಪಂಜುಗಳನ್ನು ಹಿಡಿದು ನೆರೆದರು. ಮನವಿಗಳು ಹೋದವು. ಫಲವಾಗಲಿಲ್ಲ. ನವೆಂಬರ್ 30ಕ್ಕೆ ನಗರ ಆರಿಹೋಯಿತು.

ಅಲ್ಲಿಗೆ ಕಥೆ ಮುಗಿಯಿತೆಂದು ಜಗತ್ತು ತಿಳಿದಿತ್ತು. ಆದರೆ ಒಂದು ಸಣ್ಣ ಗುಂಪಿನ ಕೈಗೆ ಆಟದ ಮೂಲ ಸಂಕೇತಗಳು ಸೇರಿದ್ದವು. ಅವರು ಗುಟ್ಟಾಗಿ ಒಂದು ಸರ್ವರನ್ನು ನಿಲ್ಲಿಸಿ, ಆಯ್ದ ಕೆಲವರನ್ನು ಮಾತ್ರ ಒಳಗೆ ಬಿಟ್ಟುಕೊಂಡು ವರ್ಷಗಟ್ಟಲೆ ಆಡುತ್ತಿದ್ದರು. ಹೊರಗಿನ ಸಾವಿರಾರು ಜನ ಅದೇ ನಗರಕ್ಕಾಗಿ ಹಂಬಲಿಸುತ್ತಿದ್ದಾಗ ಒಳಗಿನವರು ಬಾಯಿ ಬಿಡಲಿಲ್ಲ. 2019ರ ಏಪ್ರಿಲಿನಲ್ಲಿ ಗುಟ್ಟು ರಟ್ಟಾದಾಗ ಉಂಟಾದ ಕ್ರೋಧ ಕಂಪನಿಯು ಆಟವನ್ನು ಮುಚ್ಚಿದಾಗಿನ ದುಃಖಕ್ಕಿಂತ ಕಹಿಯಾಗಿತ್ತೆಂದೇ ಹೇಳಬೇಕು.

ಇಲ್ಲಿ ಎರಡು ವ್ರತಗಳು ಒಂದಕ್ಕೊಂದು ತಾಗುತ್ತವೆ. ಕಂಪನಿಯು ಕೊಡದ ವಸ್ತುವನ್ನು ಇಟ್ಟುಕೊಂಡದ್ದು ಅದತ್ತಾದಾನ; ಅಚೌರ್ಯವ್ರತದ ಕಣ್ಣಿನಲ್ಲಿ, ಒಡೆಯನಿಗೆ ಬೇಡವಾದ ವಸ್ತುವೂ ಕೊಡದ ಹೊರತು ತನ್ನದಲ್ಲ. ಗುಟ್ಟಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ಇದನ್ನೇ ಬಳಸಬಹುದಿತ್ತು: ಬಹಿರಂಗವಾದರೆ ಕಂಪನಿ ಬಂದು ಇದನ್ನೂ ಅಳಿಸೀತು, ಆದುದರಿಂದ ಮರೆಯಲ್ಲಿಟ್ಟು ಕಾಪಾಡಿದೆವು ಎಂದು. ಭಯ ನಿಜವಾದುದೇ. ಆದರೆ ಕಾಪಾಡುವ ನೆಪದಲ್ಲಿ ಆರು ವರ್ಷ ತಾವೇ ಅನುಭವಿಸಿದ್ದು ಪರಿಗ್ರಹ. ಕಳವಿನ ದೋಷವನ್ನು ಹೊತ್ತವನು ಅದನ್ನು ಹಂಚುವ ಪುಣ್ಯವನ್ನೂ ಬಿಟ್ಟುಕೊಟ್ಟಂತಾಯಿತು.

ಮುಂದಿನ ಭಾಗ ಹೆಚ್ಚು ಸಮಾಧಾನದ್ದು. ಸಂಕೇತಗಳು ಬಹಿರಂಗವಾದ ಕೆಲವೇ ವಾರಗಳಲ್ಲಿ ‘ಹೋಮ್‌ಕಮಿಂಗ್’ ಎಂಬ ಸ್ವಯಂಸೇವಕರ ತಂಡ ಎಲ್ಲರಿಗೂ ಬಾಗಿಲು ತೆರೆಯಿತು. ಜೊತೆಗೆ ಕಂಪನಿಯೊಡನೆ ಮಾತುಕತೆಗೂ ಕುಳಿತಿತು. ವರ್ಷಗಳ ತಾಳ್ಮೆಯ ಬಳಿಕ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಕಂಪನಿಯು ಅವರಿಗೆ ಅಧಿಕೃತ ಅನುಮತಿ ನೀಡಿತು. ಕೊಡದಿದ್ದುದು ಕೊಟ್ಟುದಾಯಿತು. ಈ ತಂಡದ ಇನ್ನೊಂದು ನಡತೆಯನ್ನು ಟ್ರಸ್ಟುಗಳ ಲೆಕ್ಕಪತ್ರ ನೋಡುವವರು ಗಮನಿಸಬೇಕು. ಆಟಕ್ಕೆ ಶುಲ್ಕವಿಲ್ಲ. ತಿಂಗಳ ಖರ್ಚಿಗೆ ದೇಣಿಗೆ ಕೇಳುತ್ತಾರೆ; ಬೇಕಾದಷ್ಟು ಸೇರಿದೊಡನೆ ಆ ತಿಂಗಳ ಹುಂಡಿಯನ್ನು ಮುಚ್ಚಿಬಿಡುತ್ತಾರೆ. ಪರಿಗ್ರಹಪರಿಮಾಣವೆಂಬ ಶಬ್ದವನ್ನು ಆ ಜನ ಕೇಳಿರಲಿಕ್ಕಿಲ್ಲ.

ಕಂಪನಿ ಮುಚ್ಚದೆಯೂ ಕೂಟಗಳು ಸಾಯುತ್ತವೆ, ಮತ್ತು ಹೆಚ್ಚಿನವು ಸಾಯುವುದು ಹಾಗೆಯೇ. ಹಳಬರು ವರ್ಷಗಳಿಂದ ಗಳಿಸಿದ ಆಯುಧ ಸಂಪತ್ತುಗಳೊಡನೆ ಎತ್ತರದಲ್ಲಿ ಕುಳಿತಿರುತ್ತಾರೆ. ಹೊಸಬನು ಬಂದು ದಾರಿ ಕೇಳಿದರೆ ಇಷ್ಟೂ ತಿಳಿಯದೇ ಎಂದು ನಗುತ್ತಾರೆ. ಅವನು ಎರಡನೆಯ ದಿನ ಬರುವುದಿಲ್ಲ. ಆಮೇಲೆ ಯಾರೂ ಬರುವುದಿಲ್ಲವೆಂದು ಹಳಬರು ಕೊರಗುತ್ತಾರೆ. ಸುರಪುರದ ಯಾವ ಸಂಘದ ವಾರ್ಷಿಕ ಸಭೆಯಲ್ಲಿಯೂ ಈ ಕೊರಗನ್ನು ಕೇಳಬಹುದು; ತರುಣರು ಬರುವುದಿಲ್ಲವೆಂಬ ನಿರ್ಣಯಕ್ಕೆ ಅನುಮೋದನೆ ಕೊಡುವವರೆಲ್ಲ ಅರವತ್ತು ದಾಟಿದವರು.

ಸಮಂತಭದ್ರಾಚಾರ್ಯರು ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುವಾಗ ಸ್ಥಿತೀಕರಣಕ್ಕೆ ವಾರಿಷೇಣನನ್ನು ನಿದರ್ಶನವಾಗಿ ಹೆಸರಿಸುತ್ತಾರೆ. ಶ್ರೇಣಿಕನ ಮಗನಾದ ವಾರಿಷೇಣನು ಮುನಿಯಾದಾಗ, ಅವನ ಗೆಳೆಯ ಪುಷ್ಪಡಾಲನೂ ಹಿಂಬಾಲಿಸಿದನು. ಆದರೆ ವರ್ಷಗಳು ಕಳೆದರೂ ಅವನ ಮನಸ್ಸು ಊರಿನಲ್ಲಿದ್ದ ಹೆಂಡತಿಯ ಬಳಿಯೇ ಇತ್ತು. ವಾರಿಷೇಣನು ಅವನನ್ನು ಬೈಯಲಿಲ್ಲ, ದೂಡಲಿಲ್ಲ. ಅವನನ್ನು ಕರೆದುಕೊಂಡು ತನ್ನ ಅರಮನೆಗೆ ಹೋಗಿ, ತಾನು ಬಿಟ್ಟುಬಂದ ಭೋಗವೆಲ್ಲವನ್ನೂ ಎದುರಿಗಿಟ್ಟು ತೋರಿಸಿದನು. ಗೆಳೆಯ ತಾನಾಗಿ ನಾಚಿ ಸ್ಥಿರನಾದನು. ಈ ಕಥೆಯಲ್ಲಿ ಮುಖ್ಯವಾದುದು ಉಪದೇಶವಲ್ಲ, ಜೊತೆಯಲ್ಲಿ ನಡೆದು ಹೋದುದು. ಕೂಟವೊಂದರಿಂದ ಜಾರುತ್ತಿರುವವನನ್ನು “ಏಕೆ ಬರಲಿಲ್ಲ” ಎಂದು ಕೇಳುವವರು ಬಹಳ. ಅವನಿರುವಲ್ಲಿಗೆ ಹೋಗುವವರು ಕಡಿಮೆ. ಆಟದ ಕೂಟಗಳಲ್ಲಿ ಉಳಿದುಬಂದವುಗಳನ್ನು ನೋಡಿದರೆ, ಹೊಸಬನ ಜೊತೆ ಮತ್ತೆ ಮೊದಲ ಮೆಟ್ಟಿಲಿನಿಂದ ಏರಲು ಸಿದ್ಧರಾದ ಹಳಬರು ಅಲ್ಲಿ ಇದ್ದೇ ಇರುತ್ತಾರೆ.

ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಉಳಿಸಬೇಕೇ? ಸತ್ತಾದ ವಸ್ತುವಿಗೆ ಉತ್ಪಾದ, ವ್ಯಯ, ಧ್ರೌವ್ಯಗಳೆಂಬ ಮೂರೂ ಲಕ್ಷಣಗಳಿವೆ ಎಂದು ನಂಬಿದವರು ವ್ಯಯವನ್ನು ಅನ್ಯಾಯವೆಂದು ಕರೆಯಲಾರರು. ಯಾದಗಿರಿಗೆ ಬಹಳ ದೂರವಲ್ಲದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನು ಆಳಿದ, ಪುಷ್ಪದಂತನು ಮಹಾಪುರಾಣವನ್ನು ಬರೆದ ಊರು. ಇಂದು ಕಾಗಿಣಾ ನದಿಯ ದಡದ ಆ ಊರಿನಲ್ಲಿ ಕೋಟೆಯ ಅವಶೇಷಗಳಿವೆ, ನೇಮಿನಾಥ ಬಸದಿಯಿದೆ. ರಾಜಧಾನಿ ಹೋಯಿತು, ಬಸದಿ ಉಳಿಯಿತು. ರಾಜನ ದಾನಶಾಸನವೊಂದೇ ಅದನ್ನು ಸಾವಿರ ವರ್ಷ ಕಾಯಲಾರದು. ಅರಸರಿಲ್ಲದ ದಿನಗಳಲ್ಲಿ ಯಾರೋ ಕಸ ಗುಡಿಸಿದ್ದಾರೆ, ಸೋರುವ ಮಾಳಿಗೆಗೆ ಗಾರೆ ಹಾಕಿಸಿದ್ದಾರೆ. ಆಟವನ್ನೂ ಬಸದಿಯನ್ನೂ ಒಂದೇ ತಕ್ಕಡಿಯಲ್ಲಿಡುವುದು ಸಲ್ಲದು; ಒಂದು ವಿನೋದಕ್ಕೆ ಹುಟ್ಟಿದುದು, ಇನ್ನೊಂದು ಆತ್ಮಕಲ್ಯಾಣಕ್ಕೆ. ಆದರೆ ಉಳಿದ ಹನ್ನೆರಡು ಜನರ ಕೆಲಸ ಎರಡು ಕಡೆಯಲ್ಲಿಯೂ ಒಂದೇ ಬಗೆಯದು.

ಬಿಡುವುದಕ್ಕೂ ಒಂದು ಕ್ರಮವಿದೆ. 1996ರಲ್ಲಿ ಬಂದ ‘ಮೆರಿಡಿಯನ್ 59’ ಎಂಬ ಹಳೆಯ ಆಟವನ್ನು ಅದರ ಕಂಪನಿ 2000ದಲ್ಲಿ ನಿಲ್ಲಿಸಿತು. ಅದರಲ್ಲಿ ದುಡಿದಿದ್ದ ಇಬ್ಬರು ಅದನ್ನು ಕೊಂಡು 2002ರಲ್ಲಿ ಮತ್ತೆ ತೆರೆದರು. ತಮ್ಮ ಸಂಸ್ಥೆಗೆ ಅವರು ‘ಸಾವಿನಂಚು’ ಎಂಬರ್ಥದ ಹೆಸರಿಟ್ಟುಕೊಂಡದ್ದು ಅವರ ವಿನೋದಪ್ರಜ್ಞೆಗೆ ಸಾಕ್ಷಿ. 2010ರಲ್ಲಿ ತಮ್ಮಿಂದಾಗದೆಂದು ಕಂಡಾಗ ಹಟ ಹಿಡಿಯದೆ ಮೂಲ ನಿರ್ಮಾಪಕರಾದ ಸೋದರರಿಗೆ ಹಿಂದಿರುಗಿಸಿದರು. ಅವರು 2012ರಲ್ಲಿ ಅದರ ಸಂಕೇತಗಳನ್ನೆಲ್ಲ ಲೋಕಕ್ಕೆ ಬಿಟ್ಟುಕೊಟ್ಟರು. ಕೈಯಿಂದ ಕೈಗೆ ಹೋದ ಆ ಆಟದಲ್ಲಿ ಗುಟ್ಟೂ ಇಲ್ಲ, ಕಹಿಯೂ ಇಲ್ಲ.

ಹಿಡಿದವನು ತಾನೇ ಬಿಡಬೇಕಾದ ಗಳಿಗೆ ಒಂದಲ್ಲ ಒಂದು ದಿನ ಬರುತ್ತದೆ. ಅನೇಕ ಕೂಟಗಳಲ್ಲಿ ಸರ್ವರಿನ ಪಾಸ್‌ವರ್ಡ್ ಒಬ್ಬನಿಗೆ ಮಾತ್ರ ಗೊತ್ತಿರುತ್ತದೆ. ಅವನು ಬೇಸತ್ತರೆ, ಕಾಯಿಲೆ ಬಿದ್ದರೆ, ಉಳಿದವರೆಲ್ಲ ಬಾಗಿಲ ಹೊರಗೆ. ಎರಡೋ ಮೂರೋ ಮನೆತನಗಳು ನಡೆಸುವ ಹಳ್ಳಿಯ ಬಸದಿಗಳಲ್ಲಿಯೂ ಬೀಗದ ಕೈ ಒಬ್ಬ ಹಿರಿಯರ ಉಡಿದಾರದಲ್ಲಿಯೇ ಇರುತ್ತದೆ. ತಾಯಿಯು ಮಗನನ್ನು ಕೇಳಬೇಕಾದ ಪ್ರಶ್ನೆ ಬಹುಶಃ ಇದು: “ನೀ ಬಿಟ್ಟರ ಹೆಂಗ ಅಂತೀಯಲ್ಲಪಾ, ಕೀಲಿ ಇನ್ನೊಬ್ಬರ ಕಡೆ ಕೊಟ್ಟೀ ಏನು?” ಮಗನು ಅದೇ ಪ್ರಶ್ನೆಯನ್ನು, ಸಾಮಾಯಿಕ ಮುಗಿಸಿ ಎದ್ದ ತಂದೆಗೆ, ಬಸದಿಯ ಬೀಗದ ಕೈಯನ್ನು ಕುರಿತು ಕೇಳಿದರೆ ತಪ್ಪಾಗದು.