ಅಲ್ಪಾಯು ಹಾಸ್ಯ ಧಾರಾವಾಹಿ ಮತ್ತು ನೆನಪಿನ ಪ್ರಾಮಾಣ್ಯ

ಕೆಲವೇ ಕಾಲ ಪ್ರಸಾರವಾಗಿ ನಿಂತುಹೋದ ಹಾಸ್ಯ ಧಾರಾವಾಹಿಯೊಂದನ್ನು ಮೂವತ್ತು ನಲವತ್ತು ವರ್ಷದ ಮೇಲೆ ನೆನೆಯುವವರು ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ: ಅದು ಬಹಳ ಚೆನ್ನಾಗಿತ್ತು, ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಮೊದಲ ಮಾತು ನೋಡಿದವರ ಅನುಭವಕ್ಕೆ ಸೇರಿದ್ದು, ಎರಡನೆಯದು ನೋಡಿದ ವಸ್ತುವಿನ ಯೋಗ್ಯತೆಗೆ ಸೇರಿದ್ದು. ಎರಡಕ್ಕೂ ಒಡ್ಡುವ ಸಾಕ್ಷಿ ಮಾತ್ರ ಒಂದೇ, ನೆನಪು. ನೆನಪು ಸಾಕ್ಷಿಯಾಗಬಲ್ಲುದೇ ಎಂಬುದರ ಮೇಲೆ ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಮಿಕ್ಕಿ ಜಗಳವಾಡಿವೆ. ಆ ಜಗಳದಲ್ಲಿ ಕನ್ನಡ ನಾಡಿನ ಪಂಡಿತರ ಪಾಲು ದೊಡ್ಡದು.

ಕನ್ನಡದಲ್ಲಿ ಈ ಪ್ರಶ್ನೆಗೆ ತಕ್ಕ ನಿದರ್ಶನ 1980ರ ದಶಕದ ಬೆಂಗಳೂರು ದೂರದರ್ಶನದ ಹಾಸ್ಯ ಧಾರಾವಾಹಿಗಳು. ‘ಸಿಹಿಕಹಿ’ ಅವುಗಳಲ್ಲಿ ಮೊದಲು ನೆನಪಾಗುವ ಹೆಸರು. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಮುಂದೆ ಸತಿಪತಿಗಳಾದರು. ಧಾರಾವಾಹಿಯ ಹೆಸರು ಇಬ್ಬರ ಹೆಸರಿಗೂ ಅಂಟಿಕೊಂಡಿತು. ಸಿಹಿಕಹಿ ಚಂದ್ರು ಅವರನ್ನು ಟಿ.ವಿ.ಯ ಅಡುಗೆ ಕಾರ್ಯಕ್ರಮಗಳಿಂದಲೇ ಬಲ್ಲ ಇಂದಿನ ವೀಕ್ಷಕರಲ್ಲಿ ಬಹುಪಾಲು ಜನ ಆ ಧಾರಾವಾಹಿಯ ಒಂದು ಕಂತನ್ನೂ ಕಂಡವರಲ್ಲ. ವಸ್ತು ಹೋಗಿದೆ, ಅದರ ಹೆಸರು ಮಾತ್ರ ಬೇರೊಂದು ಹೆಸರಿನ ಮುಂದೆ ಕುಳಿತು ದಿನವೂ ಉಚ್ಚಾರವಾಗುತ್ತಿದೆ. ಅದೇ ದಶಕದ ಇನ್ನೊಂದು ನಗೆ ಧಾರಾವಾಹಿ, ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’. ಇದನ್ನೂ ಒಂದು ತಲೆಮಾರು ಪ್ರೀತಿಯಿಂದ ನೆನೆಯುತ್ತದೆ, ಮುಂದಿನ ತಲೆಮಾರಿಗೆ ಇದರ ಹೆಸರೂ ಅಪರಿಚಿತ.

ಇವು ಅಲ್ಪಾಯುಗಳಾದದ್ದು ಸೋಲಿನಿಂದ ಎಂದು ತಿಳಿಯಬಾರದು. ಆ ಕಾಲದ ದೂರದರ್ಶನ ಧಾರಾವಾಹಿಗಳನ್ನು ಸಾಮಾನ್ಯವಾಗಿ ಹದಿಮೂರು ಕಂತಿನ ಲೆಕ್ಕದಲ್ಲಿ ಮಂಜೂರು ಮಾಡುತ್ತಿತ್ತು. ವಾರಕ್ಕೊಂದರಂತೆ ಹದಿಮೂರು ಎಂದರೆ ವರ್ಷದ ಕಾಲುಭಾಗ. ಬರಹಗಾರನಿಗೆ ಮುಗಿತಾಯ ಎಲ್ಲಿದೆ ಎಂಬುದು ಆರಂಭದಲ್ಲೇ ಗೊತ್ತಿರುತ್ತಿತ್ತು. ಖಾಸಗಿ ವಾಹಿನಿಗಳು ಬಂದು, 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ ಆರಂಭವಾದ ಮೇಲೆ ಲೆಕ್ಕಾಚಾರವೇ ಬೇರೆಯಾಯಿತು. ಟಿ.ಆರ್.ಪಿ. ಇರುವಷ್ಟು ದಿನ ಓಡುವುದು, ಬಿದ್ದ ದಿನ ನಿಲ್ಲುವುದು. ಚಂದ್ರು ಅವರೇ ಮುಂದೆ ಮಾಡಿದ ‘ಪಾಪ ಪಾಂಡು’ ಈ ಹೊಸ ಕಾಲದ್ದು. ಅದು ವರ್ಷಗಟ್ಟಲೆ ಓಡಿ, 2018ರಲ್ಲಿ ಮತ್ತೆ ಹೊಸದಾಗಿಯೂ ಬಂತು. ಅವಧಿ ಮುಗಿದು ನಿಂತದ್ದು, ಜನ ನೋಡದೆ ನಿಂತದ್ದು, ಈ ಎರಡನ್ನೂ ನೆನಪು ‘ಪಾಪ, ಬೇಗ ನಿಂತುಹೋಯಿತು’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತದೆ. ಕಡೆಗಣನೆಯ ದೂರು ಹುಟ್ಟುವುದು ಬಹುಮಟ್ಟಿಗೆ ಈ ಬೆರಕೆಯಿಂದ.

ನೆನಪನ್ನು ಪ್ರಮಾಣ, ಎಂದರೆ ಸರಿಯಾದ ಅರಿವಿನ ಸಾಧನ, ಎಂದು ಒಪ್ಪದವರ ವಾದ ಸರಳವಾಗಿದೆ. 17ನೆಯ ಶತಮಾನದ ಅನ್ನಂಭಟ್ಟ ತನ್ನ ‘ತರ್ಕಸಂಗ್ರಹ’ದಲ್ಲಿ ಜ್ಞಾನವನ್ನು ಸ್ಮೃತಿ, ಅನುಭವ ಎಂದು ಮೊದಲೇ ಎರಡಾಗಿ ಒಡೆಯುತ್ತಾನೆ. ಪ್ರಮಾಣಗಳ ಮಾತು ಬರುವುದು ಅನುಭವದ ಕಡೆಗೆ ಮಾತ್ರ. ಸ್ಮೃತಿ ಹಿಂದಿನ ಅನುಭವ ಬಿಟ್ಟುಹೋದ ಸಂಸ್ಕಾರದಿಂದಲೇ ಹುಟ್ಟುತ್ತದೆ. ಮೂಲ ಅನುಭವ ಸರಿಯಿದ್ದರೆ ಅದೂ ಸರಿ, ತಪ್ಪಿದ್ದರೆ ಅದೂ ತಪ್ಪು. ಸ್ವಂತ ಬಂಡವಾಳವಿಲ್ಲದ್ದು. ಅದಕ್ಕೂ ಎಂಟು ಶತಮಾನ ಮೊದಲು ಕಾಶ್ಮೀರದ ಜಯಂತಭಟ್ಟ ಇನ್ನೊಂದು ಕಾರಣ ಕೊಟ್ಟಿದ್ದ: ನೆನೆಯುವ ಹೊತ್ತಿನಲ್ಲಿ ವಸ್ತು ಎದುರಿಗಿಲ್ಲ, ಹಾಗಾಗಿ ನೆನಪು ವಸ್ತುವಿನಿಂದ ಹುಟ್ಟಿದ ಜ್ಞಾನವೇ ಅಲ್ಲ. ಮೀಮಾಂಸಕರಲ್ಲಿ ಭಾಟ್ಟರು ಹೊಸದನ್ನು ತಿಳಿಸುವುದೇ ಪ್ರಮಾಣದ ಲಕ್ಷಣ ಎಂದರು. ತಿಳಿದದ್ದನ್ನೇ ಮತ್ತೆ ತಿಳಿಸುವ ನೆನಪಿಗೆ ಅಲ್ಲಿಯೂ ಜಾಗವಿಲ್ಲ.

ಒಪ್ಪಿದವರಲ್ಲಿ ಮುಖ್ಯರು ಜೈನರು ಮತ್ತು ಮಾಧ್ವರು. ಎಂಟನೆಯ ಶತಮಾನದ ಅಕಲಂಕ ಸ್ಮೃತಿಯನ್ನು ಪರೋಕ್ಷ ಪ್ರಮಾಣಗಳಲ್ಲಿ ನಿಲ್ಲಿಸಿದ. ಮಾಣಿಕ್ಯನಂದಿಯ ‘ಪರೀಕ್ಷಾಮುಖ’ ಆ ಪಟ್ಟಿಯನ್ನು ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂದು ಐದಾಗಿ ಕಟ್ಟಿಕೊಟ್ಟಿತು. ಜೈನರ ಆಕ್ಷೇಪ ನೇರವಾಗಿದೆ: ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿ ನೆನಪಾಗದೆ ಅನುಮಾನವೇ ನಡೆಯದು; ನೆನಪು ಅಪ್ರಮಾಣವಾದರೆ ಅದರ ಮೇಲೆ ಕಟ್ಟಿದ ಅನುಮಾನ ಹೇಗೆ ಪ್ರಮಾಣ? ಮಾಧ್ವರಲ್ಲಿ 14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇನ್ನೂ ಮುಂದೆ ಹೋದರು. ವಸ್ತು ಇದ್ದಂತೆ ತಿಳಿಸುವುದು ಪ್ರಮಾಣ. ನೆನಪು ತಿಳಿಸುವುದು ‘ಈಗ ಹೀಗಿದೆ’ ಎಂದಲ್ಲ, ‘ಆಗ ಹಾಗಿತ್ತು’ ಎಂದು. ಆಗ ಹಾಗಿದ್ದದ್ದು ನಿಜವಾದರೆ ನೆನಪೂ ನಿಜ. ಜಯತೀರ್ಥರ ಬೃಂದಾವನ ಇರುವ ಮಳಖೇಡವೇ ಹಳೆಯ ಮಾನ್ಯಖೇಟ, ಜೈನ ಕಥಾಪರಂಪರೆ ಅಕಲಂಕನನ್ನು ಸೇರಿಸಿ ಹೇಳುವ ಊರು. ಬೇರೆಲ್ಲದರಲ್ಲಿ ಎದುರುಬದುರಾದ ಎರಡು ದರ್ಶನಗಳು ನೆನಪಿನ ವಿಷಯದಲ್ಲಿ ಒಂದೇ ಊರಿನ ಹೆಸರಿನಡಿ ಒಂದಾಗಿರುವುದು ಆಕಸ್ಮಿಕವೇ ಇರಬಹುದು, ಆದರೂ ಸೊಗಸಾದ ಆಕಸ್ಮಿಕ.

ಜಯತೀರ್ಥರ ಉತ್ತರ ಹಳೆಯ ಧಾರಾವಾಹಿಯ ವಿಷಯಕ್ಕೆ ಚೆನ್ನಾಗಿ ಒದಗುತ್ತದೆ. ‘ಅದನ್ನು ನೋಡಿ ನಕ್ಕಿದ್ದೆವು’ ಎಂಬ ನೆನಪು ಸುಳ್ಳಾಗಬೇಕಾದರೆ ಆಗ ನಕ್ಕಿರಲಿಲ್ಲ ಎಂದು ತೋರಿಸಬೇಕು. ಇಂದು ನೋಡಿದರೆ ನಗು ಬಾರದು ಎನ್ನುವುದರಿಂದ ಅದು ಬಿದ್ದುಹೋಗುವುದಿಲ್ಲ. ಇಷ್ಟರಮಟ್ಟಿಗೆ ಮೊದಲ ಮಾತು ಗಟ್ಟಿ. ಆದರೆ ಆ ನಗುವಿನಲ್ಲಿ ಧಾರಾವಾಹಿಯ ಪಾಲೆಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ನಾಟ್ಯಶಾಸ್ತ್ರದ ಕಡೆಗೆ ತಿರುಗಬೇಕು.

ಭರತ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಂಗಡಿಸುತ್ತಾನೆ. ತಾನೇ ನಗುವುದು ಒಂದು, ಇತರರನ್ನು ನಗಿಸುವುದು ಇನ್ನೊಂದು. ಒಬ್ಬರ ನಗು ಮತ್ತೊಬ್ಬರಿಗೆ ಹಬ್ಬುವುದನ್ನೂ ವ್ಯಾಖ್ಯಾನಕಾರರು ಇಲ್ಲಿ ಗಮನಿಸಿದ್ದಾರೆ. 1980ರ ದಶಕದಲ್ಲಿ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಂಥ ಊರುಗಳಲ್ಲಿ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯಷ್ಟು. ಅಂಥ ಕಡೆ ನೋಡುವುದೆಂದರೆ ಯಾರದೋ ಮನೆಯ ಹಜಾರದಲ್ಲಿ, ಬಾಗಿಲ ಹೊರಗೆ, ಕಿಟಕಿಯ ಸರಳಿಗೆ ಮುಖ ಒತ್ತಿ, ಹತ್ತು ಮನೆಯವರ ಜೊತೆ ನೋಡುವುದು. ಮಾಡಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ‘ಬಂತಾ?’ ಎಂಬ ಅವನ ಕೂಗಿಗೆ ಒಳಗಿನಿಂದ ಉತ್ತರಿಸುವವನೊಬ್ಬ. ಅಲ್ಲಿ ಹುಟ್ಟಿದ ನಗು ತೆರೆಯಿಂದ ಎಷ್ಟು ಬಂತೋ ಪಕ್ಕದವರಿಂದಲೂ ಅಷ್ಟೇ ಬಂದಿರುತ್ತದೆ. ಇಂದು ಒಬ್ಬರೇ ಮೊಬೈಲಿನಲ್ಲಿ ಅದೇ ದೃಶ್ಯವನ್ನು ನೋಡಿ ‘ಇದಕ್ಕೆ ಅಷ್ಟು ನಕ್ಕಿದ್ದೆವಾ?’ ಎಂದು ಬೆರಗಾಗುವವರು ಪರಸ್ಥ ಹಾಸ್ಯದ ಪಾಲನ್ನು ಲೆಕ್ಕದಿಂದ ಬಿಟ್ಟಿದ್ದಾರೆ.

ಆ ಸೀಮೆಗೆ ಒಂದೇ ಬಾರಿ ಆಗಿ ಮುಗಿಯುವ ನಗೆ ಹೊಸದೇನೂ ಅಲ್ಲ. ತುಮಕೂರು ಜಿಲ್ಲೆಯ ಮೂಡಲಪಾಯ ಯಕ್ಷಗಾನದಲ್ಲಿ ಕೋಡಂಗಿಯೂ ಹನುಮನಾಯಕನೂ ಆಡುವ ಮಾತುಗಳು ಬಹುಪಾಲು ಆ ರಾತ್ರಿಗೆ, ಆ ಊರಿಗೆ, ಎದುರಿಗೆ ಕುಳಿತ ಜನಕ್ಕೆ ಹೊಂದಿಕೊಂಡು ಹುಟ್ಟುವಂಥವು. ಬೆಳಗಾದರೆ ಆಟ ಮುಗಿಯಿತು. ಅದು ಅಲ್ಪಾಯುವಾಯಿತೆಂದು ಯಾರೂ ಕೊರಗಲಿಲ್ಲ. ‘ಆ ವರ್ಷ ಹನುಮನಾಯಕ ಚೆನ್ನಾಗಿ ಮಾಡಿದ್ದ’ ಎಂಬ ಮಾತು ಉಳಿಯುತ್ತಿತ್ತು, ಅಷ್ಟು ಸಾಕಾಗಿತ್ತು. ಉಳಿಯಬೇಕು ಎಂಬ ನಿರೀಕ್ಷೆ ಬಂದದ್ದು ಟೇಪಿನ ಜೊತೆಗೆ.

ಕಾಲಾವಧಿಗೂ ಬೆಲೆಗೂ ಸಂಬಂಧವೇನು ಎಂಬುದಕ್ಕೆ ರಸಸಿದ್ಧಾಂತ ಕೊಡುವ ಉತ್ತರವೂ ಇದೇ ದಿಕ್ಕಿನದು. ಅಭಿನವಗುಪ್ತನ ಪ್ರಕಾರ ರಸ ಇರುವುದು ಆಸ್ವಾದ ನಡೆಯುವಷ್ಟು ಹೊತ್ತು ಮಾತ್ರ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಈ ಸೂಕ್ಷ್ಮಗಳನ್ನೆಲ್ಲ ಕನ್ನಡಕ್ಕೆ ತಿಳಿಯಾಗಿ ತಂದುಕೊಟ್ಟ ‘ಭಾರತೀಯ ಕಾವ್ಯಮೀಮಾಂಸೆ’ಯ ತೀ.ನಂ. ಶ್ರೀಕಂಠಯ್ಯ ಬುಕ್ಕಾಪಟ್ಟಣದ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅಭಿನವಗುಪ್ತನ ಈ ಲೆಕ್ಕದಲ್ಲಿ ಸಾವಿರ ಕಂತಿನ ಧಾರಾವಾಹಿಗೂ ಹದಿಮೂರು ಕಂತಿನದಕ್ಕೂ ರಸದ ಮಟ್ಟಿಗೆ ಭೇದವಿಲ್ಲ. ಎರಡೂ ಆಯಾ ಗಳಿಗೆಯಲ್ಲಿ ಹುಟ್ಟಿ ಅಲ್ಲೇ ಮುಗಿಯಬೇಕು. ದೀರ್ಘ ಧಾರಾವಾಹಿಗೆ ಹೆಚ್ಚು ಸಿಗುವುದು ಅಭ್ಯಾಸ ಮಾತ್ರ, ಅದು ಬೇರೆ ಸುಖ.

ಪಂಪ 941ರಲ್ಲಿ ಬರೆದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗ ಕಾಲಾವಧಿಯ ಈ ಪ್ರಶ್ನೆಯನ್ನು ಇನ್ನೂ ಚುರುಕಾಗಿ ಕೇಳುತ್ತದೆ. ವೃಷಭನಾಥನ ಸಭೆಯಲ್ಲಿ ಕುಣಿಯುತ್ತಿದ್ದಂತೆಯೇ ನೀಲಾಂಜನೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರ ಅವಳಂಥದೇ ರೂಪವನ್ನು ಆ ಕ್ಷಣದಲ್ಲೇ ತಂದು ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ವೃಷಭನಾಥನಿಗೆ ಗೊತ್ತಾಗುತ್ತದೆ, ವೈರಾಗ್ಯ ಅಲ್ಲಿಂದ ಹುಟ್ಟುತ್ತದೆ. ಪಾತ್ರಧಾರಿ ಬದಲಾದರೂ ಪಾತ್ರ ಮುಂದುವರಿಯುವ ಇಂದಿನ ದೀರ್ಘ ಧಾರಾವಾಹಿಗಳು ಇಂದ್ರನ ದಾರಿಯಲ್ಲಿ ನಡೆಯುತ್ತವೆ. ಹದಿಮೂರಕ್ಕೆ ನಿಂತದ್ದಕ್ಕೆ ಆ ದಾರಿ ಇರಲಿಲ್ಲ. ನೋಡುಗರಿಗೆ ಮುಗಿತಾಯ ಮುಗಿತಾಯವಾಗಿಯೇ ಕಂಡಿತು. ಅಲ್ಪಾಯು ಧಾರಾವಾಹಿಯ ನೆನಪಿಗೆ ಒಂದು ಬಗೆಯ ತೀಕ್ಷ್ಣತೆ ಇರುವುದು ಇದರಿಂದಲೇ ಎಂದು ಊಹಿಸಲು ಅಡ್ಡಿಯಿಲ್ಲ.

ಎರಡನೆಯ ಮಾತು, ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ ಎಂಬುದು, ಇಷ್ಟು ಸುಲಭವಲ್ಲ. ಅದು ಹೋಲಿಕೆಯ ತೀರ್ಪು. ಅದಕ್ಕೆ ವಸ್ತು ಮತ್ತೊಮ್ಮೆ ಎದುರಿಗೆ ಬರಬೇಕು. ಜೈನರು ಸ್ಮೃತಿಯ ಪಕ್ಕದಲ್ಲೇ ಪ್ರತ್ಯಭಿಜ್ಞಾನವನ್ನು ಬೇರೆ ಪ್ರಮಾಣವಾಗಿ ಇಟ್ಟದ್ದು ಇಂಥ ಸಂದರ್ಭಕ್ಕೇ. ‘ಅದು’ ಎಂಬುದು ಸ್ಮೃತಿಯ ಆಕಾರ. ‘ಇದು ಅದೇ’, ‘ಇದು ಅದರಂತಿದೆ’, ‘ಇದು ಅದಕ್ಕಿಂತ ಬೇರೆ’ ಎಂಬುವು ಪ್ರತ್ಯಭಿಜ್ಞಾನದ ಆಕಾರಗಳು. ಹಳೆಯ ಕಂತು ಯೂಟ್ಯೂಬಿನಲ್ಲಿ ಸಿಕ್ಕಾಗ ನಡೆಯುವುದು ಈ ಮೂರರಲ್ಲಿ ಒಂದು, ಹೆಚ್ಚಾಗಿ ಮೂರನೆಯದು. ಅಮೆರಿಕದ ‘ಪೊಲೀಸ್ ಸ್ಕ್ವಾಡ್!’ 1982ರಲ್ಲಿ ಆರೇ ಕಂತಿಗೆ ನಿಂತಿತು. ಅದೇ ಕರ್ತೃಗಳು ಅದೇ ನಾಯಕನಟನನ್ನು ಇಟ್ಟುಕೊಂಡು 1988ರಲ್ಲಿ ‘ದಿ ನೇಕೆಡ್ ಗನ್’ ಸಿನಿಮಾ ಮಾಡಿದಾಗ ಅದು ಗೆದ್ದಿತು. ಕಡೆಗಣಿಸಲ್ಪಟ್ಟಿತ್ತು ಎಂಬ ತೀರ್ಪಿಗೆ ಅಲ್ಲಿ ನೆನಪಿನ ಆಚೆಗಿನ ಆಧಾರ ಸಿಕ್ಕಿತು. ಬಿ.ಬಿ.ಸಿ.ಯ ‘ಡ್ಯಾಡ್ಸ್ ಆರ್ಮಿ’ಯದು ಇದಕ್ಕೆ ತಿರುಗುಮುರುಗು ಕಥೆ. ಅದು ಬಹಳ ಕಾಲ ಓಡಿ ಜನಪ್ರಿಯವಾದದ್ದೇ ಆದರೂ, ಅಂದಿನ ರೂಢಿಯಂತೆ ಟೇಪುಗಳನ್ನು ಅಳಿಸಿ ಮರುಬಳಸಿದ್ದರಿಂದ 1969ರ ಎರಡನೆಯ ಸರಣಿಯ ಮೂರು ಕಂತುಗಳ ಚಿತ್ರ ಇಂದಿಗೂ ದೊರೆತಿಲ್ಲ. ಟೇಪೇ ಇಲ್ಲದ ಕಡೆ ಪ್ರತ್ಯಭಿಜ್ಞಾನಕ್ಕೆ ಅವಕಾಶವಿಲ್ಲ, ಇರುವುದು ಬರಿಯ ‘ಅದು’.

ಆ ‘ಅದು’ ಎಷ್ಟು ಶುದ್ಧ? ಮೀಮಾಂಸಕ ಪ್ರಾಭಾಕರರು ಭ್ರಾಂತಿಯನ್ನು ವಿವರಿಸುವಾಗ ಸ್ಮೃತಿಪ್ರಮೋಷ ಎಂಬ ಮಾತು ತರುತ್ತಾರೆ. ಚಿಪ್ಪನ್ನು ಬೆಳ್ಳಿಯೆಂದು ತಿಳಿದವನಿಗೆ ಬೆಳ್ಳಿ ನೆನಪಾದದ್ದು, ಆದರೆ ಅದು ನೆನಪು ಎಂಬ ಗುರುತು ಜಾರಿಹೋಗಿದೆ. ಹಳೆಯ ಧಾರಾವಾಹಿಗಳ ಹರಟೆಯಲ್ಲಿ ಇದು ದಿನನಿತ್ಯದ ಸಂಗತಿ. ಒಂದರ ಚಟಾಕಿ ಇನ್ನೊಂದರ ಪಾತ್ರದ ಬಾಯಿಗೆ ಬರುತ್ತದೆ. ನಾಟಕದಲ್ಲಿ ಕಂಡ ನಟನ ಹಾವಭಾವ ಟಿ.ವಿ.ಯ ಲೆಕ್ಕಕ್ಕೆ ಜಮೆಯಾಗುತ್ತದೆ. ಹೇಳುವವರು ಸುಳ್ಳಾಡುತ್ತಿಲ್ಲ. ನೆನಪು ನೆನಪೆಂದು ಗುರುತಿಸಿಕೊಳ್ಳದೆ ಸಾಕ್ಷಿಕಟ್ಟೆ ಹತ್ತಿದೆ, ಅಷ್ಟೇ.

ಪ್ರೀತಿಯ ನೆನಪಿಗೆ ಇನ್ನೊಂದು ತೊಡಕು ಪ್ರೀತಿಯದೇ. ಪತಂಜಲಿ ರಾಗವನ್ನು ಸುಖದ ಬೆನ್ನಿಗೆ ಬರುವ ಕ್ಲೇಶವೆಂದು ಎಣಿಸುತ್ತಾನೆ. ವ್ಯಾಸಭಾಷ್ಯ ಆ ರಾಗದ ಬೇರು ಸುಖದ ಸ್ಮರಣೆಯಲ್ಲಿದೆ ಎಂದು ವಿವರಿಸುತ್ತದೆ. ಒಂದು ನಗೆ ಧಾರಾವಾಹಿಯ ನೆನಪನ್ನು ಕ್ಲೇಶವೆನ್ನುವುದು ಅತಿಯೆನಿಸಬಹುದು. ಆದರೆ ‘ಈಗಿನವು ಯಾವುವೂ ಹಾಗಿಲ್ಲ’ ಎಂಬ ಮಾತು ಅದರ ಹಿಂದೆಯೇ ಬರುವುದನ್ನು ಕೇಳಿದವರಿಗೆ ಪತಂಜಲಿಯ ಎಣಿಕೆ ತಪ್ಪೆನಿಸದು. ಸುಖದ ಸ್ಮರಣೆ ದ್ವೇಷಕ್ಕೂ ಬಾಗಿಲು ತೆರೆದಿರುತ್ತದೆ.

‘ಸಿಹಿಕಹಿ’ಯನ್ನು ಕಾಣದ ಮಕ್ಕಳಿಗೆ ಅದರ ಬಗ್ಗೆ ಸ್ಮೃತಿಯೂ ಇಲ್ಲ, ಪ್ರತ್ಯಭಿಜ್ಞಾನವೂ ಇಲ್ಲ. ಅವರಿಗಿರುವುದು ಹಿರಿಯರ ಮಾತು, ಎಂದರೆ ಆಗಮ ಅಥವಾ ಶಬ್ದ. ಇಲ್ಲಿ ದರ್ಶನಗಳ ನಿಲುವು ತಮಾಷೆಯಾಗಿ ಅಡ್ಡಹಾಯುತ್ತದೆ. ನೆನಪನ್ನು ಪ್ರಮಾಣವೆಂದು ಒಪ್ಪದ ನೈಯಾಯಿಕರು, ಎಂದರೆ ಅನ್ನಂಭಟ್ಟ, ಜಯಂತಭಟ್ಟರ ಪಂಥದವರು, ಅದೇ ನೆನಪಿನಿಂದ ಮಾತಾಡುವವನ ಮಾತನ್ನು ಶಬ್ದಪ್ರಮಾಣವಾಗಿ ಒಳಗೆ ಬಿಡುತ್ತಾರೆ. ತಾನು ಕಂಡದ್ದನ್ನು ಕಂಡಂತೆ ಹೇಳಬಯಸುವವನು ಆಪ್ತ, ಋಷಿಯಾದರೂ ಮ್ಲೇಚ್ಛನಾದರೂ ಅದಕ್ಕೆ ಅಡ್ಡಿಯಿಲ್ಲ ಎಂದು ಅವರದೇ ಪಂಥದ ವಾತ್ಸ್ಯಾಯನ ಹೇಳಿದ್ದಾನೆ. ನೆನಪನ್ನು ಒಪ್ಪಿದ ಜೈನರಾದರೋ ಪರಮ ಆಪ್ತನಿಗೆ ರಾಗದ್ವೇಷ ಇರಕೂಡದು ಎನ್ನುತ್ತಾರೆ. ಆ ಅಳತೆಯಲ್ಲಿ ಧಾರಾವಾಹಿಯ ಅಭಿಮಾನಿ ಮೊದಲ ಹೆಜ್ಜೆಯಲ್ಲೇ ಸೋಲುತ್ತಾನೆ. ಆದರೆ ಅವರು ಲೌಕಿಕ ಆಪ್ತರೆಂಬ ಇನ್ನೊಂದು ವರ್ಗವನ್ನೂ ಇಟ್ಟಿದ್ದಾರೆ. ವಾದಿದೇವಸೂರಿ ಅದಕ್ಕೆ ಕೊಡುವ ಉದಾಹರಣೆ ಹೆತ್ತ ತಂದೆ. ಯಾವ ವಿಷಯದಲ್ಲಿ ಒಬ್ಬನ ಮಾತು ಹುಸಿಯಾಗದೋ ಆ ವಿಷಯಕ್ಕೆ ಅವನು ಆಪ್ತ ಎಂಬುದು ಅಕಲಂಕನ ಅಳತೆ. ಅದರಂತೆ ಭಾನುವಾರವೋ ಬುಧವಾರವೋ ಎಲ್ಲರೂ ಕೂಡಿ ನೋಡಿದ್ದು, ಹೊಟ್ಟೆ ಹಿಡಿದು ನಕ್ಕದ್ದು, ಈ ಸಂಗತಿಗಳಿಗೆ ತಂದೆಯ ಮಾತು ಪ್ರಮಾಣ. ಅದು ಕನ್ನಡದ ಅತ್ಯುತ್ತಮ ಹಾಸ್ಯ ಧಾರಾವಾಹಿ ಎಂಬ ಮಾತು ಬಂದಾಗ ಮಗಳು ಟೇಪು ಎಲ್ಲಿದೆ ಎಂದು ಕೇಳಬಹುದು.