ಅಪ್ಪನಿಗೆ ಹೇಳಬೇಡಿ, ಡಾಕ್ಟ್ರೇ

"ಹಾರ್ಟ್ ತೊಂದರೆ ಅಂತ ಮಾತ್ರ ಹೇಳಿ, ಆ ಇನ್ನೊಂದು ಹೆಸರು ಬೇಡ." ಊರಿನಿಂದ ಬಂದ ತಂದೆತಾಯಿಯರು ಇಲ್ಲಿ ಕಾಯಿಲೆ ಬಿದ್ದಾಗ ಅಮೆರಿಕದಲ್ಲಿರುವ ನಮ್ಮವರು ವೈದ್ಯರ ಕಿವಿಯಲ್ಲಿ ಪಿಸುಗುಡುವ ಮಾತಿದು. ಒಂದು ಕಾಯಿಲೆಯಲ್ಲಂತೂ ಈ ಮಾತು ಪೂರ್ತಿ ಸುಳ್ಳೂ ಅಲ್ಲ. ತೊಡಕು ಇರುವುದೇ ಅಲ್ಲಿ.

ಲಿಂಫೋಮಾ ಎಂಬ ಕ್ಯಾನ್ಸರ್ ಕೆಲವೊಮ್ಮೆ ಹೃದಯಕ್ಕೂ ಹರಡುತ್ತದೆ. ಹೆಚ್ಚಾಗಿ ಅದು ಸೇರಿಕೊಳ್ಳುವುದು ಬಲಭಾಗದ ಮೇಲಿನ ಕೋಣೆಯನ್ನು. ಮಿಡಿತಕ್ಕೆ ಅಪ್ಪಣೆ ಕೊಡುವ ವಿದ್ಯುತ್ ಹುಟ್ಟುವುದೂ ಅಲ್ಲೇ, ಕೆಳಕೋಣೆಗಳಿಗೆ ಅದು ದಾಟುವ ಹೊಸ್ತಿಲಿರುವುದೂ ಅಲ್ಲೇ. ಆ ಹೊಸ್ತಿಲಲ್ಲಿ ಕ್ಯಾನ್ಸರ್ ಕೋಶಗಳು ಬೇರೂರಿದರೆ ಅಪ್ಪಣೆ ಕೆಳಗೆ ತಲುಪದೆ, ನಾಡಿ ನಿಮಿಷಕ್ಕೆ 30–40ಕ್ಕೆ ಇಳಿದು, ರೋಗಿ ತಲೆಸುತ್ತಿ ಬೀಳಬಹುದು. ಇದಕ್ಕೆ ಹಾರ್ಟ್ ಬ್ಲಾಕ್ ಎನ್ನುತ್ತೇವೆ. (ರಕ್ತನಾಳದ ಬ್ಲಾಕ್ ಬೇರೆ, ನಮ್ಮವರು ಎರಡನ್ನೂ ಬೆರೆಸಿಬಿಡುತ್ತಾರೆ.) ಕೆಲವರಲ್ಲಿ ಮೇಲಿನ ಕೋಣೆಗಳು ತಾಳತಪ್ಪಿ ಅದುರುತ್ತವೆ. ಕೆಳಗಿನವು ಹುಚ್ಚೆದ್ದು ಓಡಿದರೆ ಪ್ರಾಣಕ್ಕೇ ಅಪಾಯ.

ಆದ್ದರಿಂದ "ಎದೆಬಡಿತ ಸರಿಯಿಲ್ಲ" ಎಂದರೆ ನಿಜವೇ. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಹೇಳಿದ್ದೂ ನಿಜವೇ. ಆ ಹೆಸರಿನ ಆನೆ ಸತ್ತಿತ್ತು. ದ್ರೋಣರು ನಂಬಿದ್ದು ಮಾತ್ರ ಬೇರೆ. ಕೇಳುವವರು ಏನನ್ನು ನಂಬಲೆಂದು ನಾವು ಮಾತಾಡಿದೆವು ಎಂಬುದರಿಂದಲೇ ಸುಳ್ಳನ್ನು ಅಳೆಯಬೇಕೆಂದು ನನಗನಿಸುತ್ತದೆ.

"ಮುಖಕ್ಕೆ ಹೊಡೆದಂತೆ ಹೇಳುವುದು ಅಮೆರಿಕದವರ ಪದ್ಧತಿ, ನಮ್ಮದಲ್ಲ" ಎಂದು ವಾದಿಸುವವರಿದ್ದಾರೆ. 1961ರಲ್ಲಿ ಇದೇ ಅಮೆರಿಕದ ವೈದ್ಯರನ್ನು ಕೇಳಿದಾಗ ನೂರಕ್ಕೆ ಸುಮಾರು 90 ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಲೇಸು ಎಂದಿದ್ದರು. 1979ರಲ್ಲಿ ಸುಮಾರು 97 ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟೇ ವರ್ಷಗಳಲ್ಲಿ ತಲೆಕೆಳಗಾದದ್ದನ್ನು ಸಂಸ್ಕೃತಿ ಎಂದು ಹೇಗೆ ಕರೆಯುವುದು?

ಇನ್ನು ಲಿಂಫೋಮಾದ ವಿಷಯದಲ್ಲಿ, ಹೆಸರನ್ನು ಮುಚ್ಚಿಟ್ಟರೆ ಭರವಸೆಯನ್ನೂ ಮುಚ್ಚಿಟ್ಟಂತೆ. ಇದು ಕೀಮೋಥೆರಪಿಗೆ ಚೆನ್ನಾಗಿ ಮಣಿಯುವ ಕ್ಯಾನ್ಸರ್‌ಗಳಲ್ಲೊಂದು. ಗಡ್ಡೆ ಕರಗಿದಂತೆ ಕೆಲವರಲ್ಲಿ ಹಾರ್ಟ್ ಬ್ಲಾಕ್ ಕೂಡ ಬಿಟ್ಟುಹೋಗುತ್ತದೆ; ತಾತ್ಕಾಲಿಕ ಪೇಸ್‌ಮೇಕರ್ ಸಾಕೇ, ಕಾಯಂ ಬೇಕೇ ಎಂಬ ಪ್ರಶ್ನೆ ಏಳುವುದು ಅದಕ್ಕೇ. ಬರೀ "ಹಾರ್ಟ್" ಎಂದು ಕೇಳಿಸಿಕೊಂಡವರಿಗೆ ಈ ಆಸೆ ಎಲ್ಲಿಂದ ಬರಬೇಕು? ಅಪಾಯವೂ ಇದೆ. ಸಾಮಾನ್ಯವಾಗಿ ಕೊಡುವ ಡಾಕ್ಸೋರುಬಿಸಿನ್ ಔಷಧಿ ಹೃದಯವನ್ನೇ ದುರ್ಬಲಗೊಳಿಸಬಹುದು. ಆ ಅಪಾಯಕ್ಕೆ ಒಪ್ಪಬೇಕೇ, ಊರಿಗೆ ಹೊರಟುಬಿಡಬೇಕೇ, ತಂಗಿಗೆ ಫೋನ್ ಮಾಡಿಸಬೇಕೇ, ಮನೆ ಪತ್ರ ಯಾರ ಹೆಸರಿಗೆ ಎಂಬುದೆಲ್ಲ ಅಪ್ಪನ ತೀರ್ಮಾನಗಳು, ಮಗನವಲ್ಲ. ಅಲ್ಲದೆ ತಲೆಗೂದಲು ಉದುರಿಸುವ ಹಾರ್ಟ್ ಮಾತ್ರೆ ಯಾವುದೆಂದು ನಮ್ಮ ಹಿರಿಯರಿಗೆ ಹೊಳೆಯದೇ ಇರುತ್ತದೆಯೇ?

ತಿಳಿಯುವುದೇ ಬೇಡವೆನ್ನುವ ಹಿರಿಯರೂ ಇದ್ದಾರೆ. "ನನಗೇನೂ ಹೇಳಬೇಡಿ, ಮಗನಿಗೆ ಹೇಳಿ" ಎಂದು ಅವರೇ ಅಂದರೆ ನಾನು ಒತ್ತಾಯಿಸುವವನಲ್ಲ. ಅದೂ ಅವರ ಹಕ್ಕು. ಆದರೆ ಕೇಳಬೇಕು. ಅದೂ ಮಗನ ಅನುವಾದದಲ್ಲಿ ಬೇಡ. ಇಂಗ್ಲಿಷಿನ ಕ್ಯಾನ್ಸರ್ ಅವನ ಕನ್ನಡದಲ್ಲಿ "ಸಣ್ಣ ಗಂಟು" ಆಗಿಬಿಡುತ್ತದೆ, ಪಾಪ. ಕನ್ನಡ ಬಲ್ಲ ಹೊರಗಿನವರೊಬ್ಬರು, ಫೋನಿನಲ್ಲಾದರೂ ಸರಿ, ಇರಲಿ. ಬಯಾಪ್ಸಿಗೆ ಮೊದಲೇ, "ವಿವರ ನಿಮಗೆ ಹೇಳಲೋ, ಮಗನಿಗೋ?" ಎಂದು ಕೇಳಿಬಿಡಬೇಕು. ರಿಪೋರ್ಟ್ ಬಂದಮೇಲೆ ಕೇಳಿದರೆ, ಆ ಪ್ರಶ್ನೆಯಲ್ಲೇ ಅವರಿಗೆ ಉತ್ತರ ಸಿಕ್ಕಿಬಿಟ್ಟಿರುತ್ತದೆ.